ಉಳ್ಳಾಗಡ್ಡಿ ಪಟ್ಟಿಯೊಳಗಿನ ಜಗತ್ತು: ವಿಜಯಪುರದ ಪದವಿ ವಿದ್ಯಾರ್ಥಿಗಳು ಓದುತ್ತಿರುವುದೇನು, ಅನುಭವಿಸುತ್ತಿರುವುದೇನು?

ವಿಶ್ವಸಂಸ್ಥೆಯ 2025ರ ಹವಾಮಾನ ಸಮ್ಮೇಳನ ಎಲ್ಲಿ ನಡೆಯಿತು ಎಂದು ವಿಜಯಪುರದ ಯಾವುದಾದರೂ ಪದವಿ ತರಗತಿಯಲ್ಲಿ ಕೇಳಿ ನೋಡಿ. ಹತ್ತು ಕೈಗಳಾದರೂ ಮೇಲೇಳುತ್ತವೆ. ಬ್ರೆಜಿಲ್‌ನ ಬೆಲೆಂ. ಅದರ ಹಿಂದಿನ ವರ್ಷ ಬಾಕು, ಅದಕ್ಕೂ ಹಿಂದೆ ದುಬೈ. ಅಂತರರಾಷ್ಟ್ರೀಯ ನ್ಯಾಯಾಲಯ ಇರುವುದು ಹೇಗ್‌ನಲ್ಲಿ, ವಿಶ್ವ ವ್ಯಾಪಾರ ಸಂಘಟನೆಯ ಕಚೇರಿ ಜಿನೀವಾದಲ್ಲಿ. ಎಲ್ಲವೂ ನಾಲಿಗೆಯ ತುದಿಯಲ್ಲಿದೆ. ಅದೇ ತರಗತಿಯಲ್ಲಿ, 2023ರ ಡಿಸೆಂಬರ್‌ನಲ್ಲಿ ನಿಮ್ಮ ಮನೆಯ ಉಳ್ಳಾಗಡ್ಡಿಯ (ಈರುಳ್ಳಿಯ) ದರ ಇದ್ದಕ್ಕಿದ್ದಂತೆ ಏಕೆ ಕುಸಿಯಿತು ಎಂದು ಕೇಳಿದರೆ ಒಬ್ಬರೂ ತುಟಿ ಬಿಚ್ಚುವುದಿಲ್ಲ.

ನಾನು ಈ ಊರಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಈಗಿನ ಹುಡುಗರಿಗೆ ಜಗತ್ತಿನ ಪರಿವೆಯೇ ಇಲ್ಲ ಎಂಬ ದೂರನ್ನು ಸ್ಟಾಫ್ ರೂಮಿನಲ್ಲೂ ಮದುವೆ ಮನೆಗಳಲ್ಲೂ ಕೇಳಿ ಸಾಕಾಗಿದೆ. ಅದು ಸುಳ್ಳು. ಅವರಿಗೆ ಜಗತ್ತಿನ ಬಗ್ಗೆ ನಮಗಿಂತ ಹೆಚ್ಚು ಗೊತ್ತು. ಗಾಜಾದ ಚಿತ್ರಗಳನ್ನು ಅವರು ನೋಡಿದ್ದಾರೆ. 2024ರ ಆಗಸ್ಟ್‌ನಲ್ಲಿ ಢಾಕಾದ ವಿದ್ಯಾರ್ಥಿಗಳು ಸರ್ಕಾರವನ್ನೇ ಇಳಿಸಿದ್ದನ್ನು, 2025ರ ಸೆಪ್ಟೆಂಬರ್‌ನಲ್ಲಿ ಕಠ್ಮಂಡುವಿನಲ್ಲಿ ಬೀದಿಗಿಳಿದ ತಮ್ಮದೇ ವಯಸ್ಸಿನವರನ್ನು ಮೊಬೈಲ್‌ನಲ್ಲಿ ಹಗಲಿರುಳು ಹಿಂಬಾಲಿಸಿದ್ದಾರೆ. ಕೊರತೆ ಬೇರೆ ಕಡೆ ಇದೆ. ಆ ಜಗತ್ತಿನಿಂದ ತಮ್ಮ ಮನೆಯ ಹೊಸ್ತಿಲಿಗೆ ಬರುವ ದಾರಿಯನ್ನು ಅವರಿಗೆ ಯಾರೂ ತೋರಿಸಿಲ್ಲ. ಜಾಗತಿಕ ರಾಜಕಾರಣವನ್ನು ಒಂದು ಪತ್ರಿಕೆಯಲ್ಲಿ, ಪರಿಸರವನ್ನು ಇನ್ನೊಂದರಲ್ಲಿ, ಮನಸ್ಸಿನ ಆರೋಗ್ಯವನ್ನು ವರ್ಷಕ್ಕೊಂದು ದಿನದ ಉಪನ್ಯಾಸದಲ್ಲಿ ನಾವು ಕಲಿಸುತ್ತೇವೆ. ಇಂಡಿಯಿಂದಲೋ ಸಿಂದಗಿಯಿಂದಲೋ ಬೆಳಗಿನ ಬಸ್ಸಿಗೆ ಬರುವ ವಿದ್ಯಾರ್ಥಿಯ ಮನೆಯಲ್ಲಿ ಈ ಮೂರೂ ಒಂದೇ ಲೆಕ್ಕದ ಪುಸ್ತಕದಲ್ಲಿವೆ.

ಕಳೆದ ಸೆಮಿಸ್ಟರ್‌ನಲ್ಲಿ ಒಂದು ಪ್ರಯೋಗ ಮಾಡಿದೆ. ಮನೆಯಿಂದ ಅಂಕಿ ಬರೆದಿರುವ ಒಂದು ಚೀಟಿ ತನ್ನಿ, ಯಾವುದಾದರೂ ಸರಿ ಎಂದೆ. ಗೊಬ್ಬರದ ಅಂಗಡಿಯ ರಸೀದಿ ಬಂತು, ಕರೆಂಟ್ ಬಿಲ್ ಬಂತು, ಬೋರ್‌ವೆಲ್ ಕೊರೆದವರು ಹಾಳೆಯಲ್ಲಿ ಗೀಚಿಕೊಟ್ಟ ಅಡಿಗಳ ಲೆಕ್ಕ ಬಂತು, ಬರ ಪರಿಹಾರ ಜಮೆಯಾದ ಸಂದೇಶವಿದ್ದ ಮೊಬೈಲ್ ಬಂತು. ಚಡಚಣ ಕಡೆಯ ಹುಡುಗನೊಬ್ಬ ಸೊಲ್ಲಾಪುರದ ಅಡತಿ ಅಂಗಡಿಯ ಉಳ್ಳಾಗಡ್ಡಿ ಪಟ್ಟಿ, ಅಂದರೆ ದಲ್ಲಾಳಿ ಕೊಟ್ಟ ಮಾರಾಟದ ಲೆಕ್ಕದ ಚೀಟಿ, ತಂದಿದ್ದ. ನಮ್ಮ ಜಿಲ್ಲೆಯ ಉತ್ತರದ ಹಳ್ಳಿಗಳಿಗೆ ವಿಜಯಪುರದ ಮಾರುಕಟ್ಟೆಯಷ್ಟೇ ಸೊಲ್ಲಾಪುರವೂ ಹತ್ತಿರ. ಪಟ್ಟಿ ಮರಾಠಿಯಲ್ಲಿ ಅಚ್ಚಾಗಿತ್ತು. ನಾಲ್ಕು ಮಡಿಕೆ ಮಡಚಿದ್ದರಿಂದ ಮಡಿಕೆಯ ಗೆರೆಗಳಲ್ಲಿ ಅಕ್ಷರ ಅಳಿಸಿಹೋಗಿದ್ದವು. ಚೀಲಗಳ ಸಂಖ್ಯೆ, ತೂಕ, ದರ. ಅದರ ಕೆಳಗೆ ಕಳೆಯುವ ಸಾಲು: ಹಮಾಲಿ, ತೋಲಾಯಿ (ತೂಕದ ಕೂಲಿ), ಮೋಟಾರ್ ಬಾಡಿಗೆ. ತಳದಲ್ಲಿ ಉಳಿದ ಮೊತ್ತ ಅವನ ಒಂದು ವರ್ಷದ ಕಾಲೇಜು ಶುಲ್ಕಕ್ಕೂ ಸಾಲುವಂತಿರಲಿಲ್ಲ. ಮೇಲಿನ ಮೂಲೆಯಲ್ಲಿ ತಾರೀಖು: 11 ಡಿಸೆಂಬರ್ 2023.

"ಅಪ್ಪ ಇದನ್ನು ಏಕೆ ಇಟ್ಟುಕೊಂಡಿದ್ದಾರೆ?" ಎಂದು ಕೇಳಿದೆ.

"ಗೊತ್ತಿಲ್ಲ ಮೇಡಂ. ಆವತ್ತಿನಿಂದ ಅವರ ಅಂಗಿ ಜೇಬಿನಲ್ಲೇ ಇತ್ತು, ಆಮೇಲೆ ಅವ್ವ ತೆಗೆದು ಟ್ರಂಕಿನಲ್ಲಿ ಇಟ್ಟರು."

ಆ ತಾರೀಖಿನಿಂದಲೇ ಪಾಠ ಶುರುವಾಯಿತು. 2023ರಲ್ಲಿ ಪೆಸಿಫಿಕ್ ಸಾಗರದ ನೀರು ಮಾಮೂಲಿಗಿಂತ ಬಿಸಿಯಾಗಿ ಎಲ್ ನಿನೊ ಸ್ಥಿತಿ ಉಂಟಾಗಿತ್ತು. ಅದು ಬಂದ ಬಹಳಷ್ಟು ವರ್ಷಗಳಲ್ಲಿ ನಮ್ಮ ಮುಂಗಾರು ಸೊರಗುತ್ತದೆ. ಆ ವರ್ಷದ ಆಗಸ್ಟ್ ತಿಂಗಳು 1901ರಿಂದೀಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಬೆಳೆ ಕಡಿಮೆಯಾದೀತು, ನಗರಗಳಲ್ಲಿ ದರ ಏರೀತು ಎಂದು ಲೆಕ್ಕ ಹಾಕಿದ ಕೇಂದ್ರ ಸರ್ಕಾರ ಆಗಸ್ಟ್ 19ರಂದು ಈರುಳ್ಳಿ ರಫ್ತಿನ ಮೇಲೆ ಶೇ 40ರಷ್ಟು ಸುಂಕ ಹಾಕಿತು. ಅಕ್ಟೋಬರ್ ಕೊನೆಯಲ್ಲಿ ಟನ್ನಿಗೆ ಕನಿಷ್ಠ 800 ಡಾಲರ್ ಎಂಬ ರಫ್ತು ದರ ಗೊತ್ತುಮಾಡಿತು. ಡಿಸೆಂಬರ್ 8ರಿಂದ ರಫ್ತನ್ನೇ ನಿಷೇಧಿಸಿತು. ಮಾರ್ಚ್ 31ರವರೆಗೆ ಎಂದಿದ್ದ ನಿಷೇಧ ತೆರವಾದದ್ದು 2024ರ ಮೇ 4ರಂದು. ಆಗಲೂ ಶೇ 40ರ ಸುಂಕ ಹಾಗೆಯೇ ಉಳಿಯಿತು. ಸೆಪ್ಟೆಂಬರ್‌ನಲ್ಲಿ ಅದು ಶೇ 20ಕ್ಕೆ ಇಳಿಯಿತು, 2025ರ ಏಪ್ರಿಲ್ 1ಕ್ಕೆ ಪೂರ್ತಿ ಹೋಯಿತು.

ಈ ಹುಡುಗನ ಅಪ್ಪ ಚೀಲಗಳನ್ನು ಲಾರಿಗೇರಿಸಿದ್ದು ನಿಷೇಧ ಬಿದ್ದ ಮೂರನೆಯ ದಿನ. ಮುಂಗಾರಿನ ಉಳ್ಳಾಗಡ್ಡಿಯನ್ನು ಹಿಂಗಾರಿನ ಬೆಳೆಯಂತೆ ತಿಂಗಳುಗಟ್ಟಲೆ ಇಟ್ಟುಕೊಳ್ಳಲಾಗದು, ಕೊಳೆಯುತ್ತದೆ. ದರ ಬರುವವರೆಗೆ ಕಾಯಿರಿ ಎಂದು ಹೇಳುವವರಿಗೆ ಈ ಸಂಗತಿ ತಿಳಿದಿರುವುದಿಲ್ಲ. ಭಾರತದ ಈರುಳ್ಳಿಗೆ ಬಹುದೊಡ್ಡ ಗಿರಾಕಿಗಳಲ್ಲಿ ಒಂದು ಬಾಂಗ್ಲಾದೇಶ. ಅತ್ತ ಗಡಿ ಮುಚ್ಚಿದೊಡನೆ ಹೊರಗೆ ಹೋಗಬೇಕಾಗಿದ್ದ ಮಾಲೆಲ್ಲ ಒಳಗಿನ ಮಾರುಕಟ್ಟೆಗೆ ತಿರುಗಿತು, ದರ ಬಿತ್ತು. ನಮ್ಮ ವಿದ್ಯಾರ್ಥಿಗಳು ಢಾಕಾದ ಚಳವಳಿಯನ್ನು ಮೀಸಲಾತಿಯ ಜಗಳವೆಂದು, ಪ್ರಧಾನಿಯ ಪಲಾಯನವೆಂದು ತಿಳಿದಿದ್ದರು. ತಮ್ಮ ಹೊಲದ ಬೆಳೆಯನ್ನು ಉಣ್ಣುವ ನಾಡೆಂದು ತಿಳಿದದ್ದು ಅಂದೇ.

ಕೊನೆಯ ಬೆಂಚಿನಿಂದ ಒಬ್ಬಳು ಎದ್ದು, "ಮೇಡಂ, ಅದಕ್ಕೂ ಮೊದಲು ದರ ಏರಿದ್ದಾಗ ನಮ್ಮ ಹಾಸ್ಟೆಲ್‌ನಲ್ಲಿ ಪಲ್ಯಕ್ಕೆ ಉಳ್ಳಾಗಡ್ಡಿ ಹಾಕುವುದನ್ನೇ ಕಡಿಮೆ ಮಾಡಿದ್ದರು. ದರ ಇಳಿದದ್ದು ನಮಗೆ ಒಳ್ಳೆಯದಾಯಿತಲ್ಲವೇ?" ಎಂದಳು. ಇಡೀ ಸೆಮಿಸ್ಟರ್‌ನಲ್ಲಿ ನಾನು ಕೇಳಿದ ಅತ್ಯುತ್ತಮ ಪ್ರಶ್ನೆ ಇದು. ಅವಳ ಮನೆಯಲ್ಲೂ ಉಳ್ಳಾಗಡ್ಡಿ ಬೆಳೆಯುತ್ತಾರೆ. ಮೆಸ್ಸಿನ ತಟ್ಟೆ ಮತ್ತು ಮನೆಯ ಹೊಲ ಎರಡೂ ಅವಳವೇ ಆದ್ದರಿಂದ ಸರ್ಕಾರ ಯಾರ ಪಕ್ಷ ವಹಿಸಿತು ಎಂಬುದು ಅವಳಿಗೆ ಬರಿಯ ಚರ್ಚಾಸ್ಪರ್ಧೆಯ ವಿಷಯವಾಗಿರಲಿಲ್ಲ. ನನ್ನ ಅಭಿಪ್ರಾಯವನ್ನು ಮುಚ್ಚಿಡದೆ ಹೇಳಿದೆ: ತಿನ್ನುವವರ ಹೊರೆಯನ್ನು ಇಳಿಸುವುದು ಸರ್ಕಾರದ ಕರ್ತವ್ಯ, ಆದರೆ ಅದರ ಖರ್ಚನ್ನು ಬೊಕ್ಕಸ ಹೊರಬೇಕೇ ವಿನಾ ಚಡಚಣದ ಒಂದು ಮನೆ ಹೊರಬಾರದು. ಮುನ್ಸೂಚನೆಯಿಲ್ಲದೆ ರಾತ್ರೋರಾತ್ರಿ ಬೀಳುವ ನಿಷೇಧ ಆ ಖರ್ಚನ್ನು ಬೆಳೆದವನ ತಲೆಗೇ ಕಟ್ಟುತ್ತದೆ. ಅವಳು ಪೂರ್ತಿ ಒಪ್ಪಲಿಲ್ಲ. ವಾದ ಗಂಟೆ ಹೊಡೆದ ಮೇಲೂ ನಡೆಯಿತು.

ಉಳಿದ ಚೀಟಿಗಳೂ ಹೀಗೇ ದೂರದೂರಕ್ಕೆ ಕರೆದೊಯ್ದವು. ಸಿಂದಗಿಯವರ ತೊಗರಿ ಮೊಜಾಂಬಿಕ್‌ಗೆ ಒಯ್ದಿತು: ಅಲ್ಲಿಂದ ವರ್ಷಕ್ಕೆ 2 ಲಕ್ಷ ಟನ್‌ವರೆಗೆ ತೊಗರಿ ತರಿಸಿಕೊಳ್ಳುವ ಒಪ್ಪಂದಕ್ಕೆ ಭಾರತ 2016ರಲ್ಲೇ ಸಹಿ ಹಾಕಿದೆ, ಆಮದಿಗೆ ಸುಂಕವಿಲ್ಲದ ಅವಧಿಯನ್ನು ಮತ್ತೆ ಮತ್ತೆ ವಿಸ್ತರಿಸಿದೆ. 2024ರಲ್ಲಿ ಕ್ವಿಂಟಲ್‌ಗೆ 10 ಸಾವಿರ ದಾಟಿದ್ದ ದರ 2025ರ ಆರಂಭದಲ್ಲಿ 7,550 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗಿಳಿದಾಗ ಆಫ್ರಿಕಾದ ಹೊಲವೂ ಅದರ ಕಾರಣಗಳಲ್ಲಿ ಒಂದಾಗಿತ್ತು. ಗೊಬ್ಬರದ ರಸೀದಿ ಬೆಲಾರಸ್‌ಗೆ ಒಯ್ದಿತು. ಚೀಲದ ಮೇಲೆ ಭಾರತ್ ಎಂದು ಅಚ್ಚಾಗಿದ್ದರೂ ಒಳಗಿನ ಪೊಟ್ಯಾಷ್ ಪೂರ್ತಿ ಹೊರದೇಶದ್ದು. ಬೆಲಾರಸ್‌ನ ಮೇಲಿನ ನಿರ್ಬಂಧ ಮತ್ತು ಉಕ್ರೇನ್ ಯುದ್ಧ ಒಟ್ಟಿಗೆ ಬಂದ 2022ರಲ್ಲಿ ಅದರ ಚೀಲ 1,700 ರೂಪಾಯಿಯವರೆಗೆ ಹೋಗಿತ್ತು. ತಿಕೋಟಾ ಕಡೆಯ ದ್ರಾಕ್ಷಿಯವರು ಕೆಂಪು ಸಮುದ್ರದ ಬಗ್ಗೆ ಕೇಳಿದರು. 2023ರ ನವೆಂಬರ್‌ನಿಂದ ಅಲ್ಲಿ ಹಡಗುಗಳ ಮೇಲೆ ದಾಳಿ ಶುರುವಾಗಿ ಯುರೋಪಿನ ಸರಕು ಆಫ್ರಿಕಾದ ತುದಿಯನ್ನು ಸುತ್ತಿ ಹೋಗಬೇಕಾಯಿತು. ಹಡಗಿಗೆ ಹೋಗಲಾಗದ ಹಣ್ಣು ಒಳಗಿನ ಪೇಟೆಯ ಮೇಲೆ ಬಿದ್ದರೆ ಒಣದ್ರಾಕ್ಷಿ ಶೆಡ್ಡಿನವರ ಲೆಕ್ಕವೂ ತಪ್ಪುತ್ತದೆ.

ಜಗತ್ತು ಈ ಊರಿಗೆ ಹೊಸದೇನೂ ಅಲ್ಲ. ಮಲಿಕ್-ಎ-ಮೈದಾನ್ ತೋಪನ್ನು 1549ರಲ್ಲಿ ಎರಕ ಹೊಯ್ದವನು ತುರ್ಕಿ ಮೂಲದ ಕುಶಲಕರ್ಮಿ. 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಕಿತ್ತುಕೊಂಡದ್ದು ಇಲ್ಲಿನ ಆದಿಲ್‌ಶಾಹಿಗಳಿಂದ. ಆ ತೋಪಿನ ಮುಂದೆ ಸೆಲ್ಫಿ ತೆಗೆದುಕೊಳ್ಳುವ ಮಕ್ಕಳಿಗೆ ಜಾಗತಿಕ ರಾಜಕಾರಣವೆಂದರೆ ದೆಹಲಿ, ವಾಷಿಂಗ್ಟನ್‌ಗಳ ವಿಷಯ ಎಂಬ ಭಾವನೆ ಬಂದಿದ್ದರೆ ಅದು ಕಲಿಸಿದವರ ತಪ್ಪು.

ಈ ತಪ್ಪು ಎಲ್ಲಿಂದ ಬಂತು ಎಂದು ಹುಡುಕಿದರೆ ಸ್ಪರ್ಧಾತ್ಮಕ ಪರೀಕ್ಷೆಯ ಬಾಗಿಲಿಗೆ ಹೋಗಿ ನಿಲ್ಲುತ್ತೇವೆ. ಹಾಗೆಂದು ಆ ಪರೀಕ್ಷೆಗೆ ಓದುವವರನ್ನು ನಾನು ಹಳಿಯುವುದಿಲ್ಲ. ಎರಡು ಎಕರೆ ಒಣಬೇಸಾಯದ ಮನೆಯ ಮಗಳಿಗೆ ಪೊಲೀಸ್ ಕಾನ್‌ಸ್ಟೆಬಲ್ ಅಥವಾ ಗ್ರಾಮ ಆಡಳಿತ ಅಧಿಕಾರಿ ಹುದ್ದೆ ಎಂದರೆ ಏನೆಂಬುದು ಆ ಮನೆಗೆ ಹೋಗಿ ನೋಡಿದವರಿಗೆ ಗೊತ್ತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜಿನ ಚಿಂತೆಯಿಲ್ಲದೆ ನಗರದ ಗ್ರಂಥಾಲಯಕ್ಕೆ ಬಂದು ಸಂಜೆಯವರೆಗೆ ಓದುವ ಹುಡುಗಿಯರನ್ನು ನೋಡಿದರೆ ಕಣ್ಣು ತುಂಬುತ್ತದೆ. ಆದರೆ ಆ ಓದಿನಲ್ಲಿ ಜಗತ್ತು ನಾಲ್ಕು ಆಯ್ಕೆಗಳ ಪ್ರಶ್ನೆಯಾಗಿಬಿಡುತ್ತದೆ. ಪ್ರಚಲಿತ ವಿದ್ಯಮಾನದ ಮಾಸಪತ್ರಿಕೆಯಲ್ಲಿ ಎಲ್ ನಿನೊ ಎಂಬುದಕ್ಕೆ ಒಂದು ಸಾಲಿನ ಉತ್ತರವಿದೆ. ಅದೇ ಎಲ್ ನಿನೊ ತನ್ನ ಅಪ್ಪನನ್ನು ಆ ವರ್ಷ ದುಡಿಮೆಗೆಂದು ಪುಣೆಗೆ ಕಳಿಸಿತು ಎಂಬುದು ಆ ಸಾಲಿನಲ್ಲಿಲ್ಲ.

ಪರಿಸರದ ಪಾಠದ ಗತಿಯೂ ಇದೇ. ಎಲ್ಲ ಹಂತಗಳಲ್ಲೂ ಪರಿಸರ ಶಿಕ್ಷಣ ಇರಬೇಕೆಂದು ಸುಪ್ರೀಂ ಕೋರ್ಟ್ 1991ರಲ್ಲಿ ಹೇಳಿತು. ನಾವು ಅದನ್ನು ಒಂದು ಕಡ್ಡಾಯ ಪತ್ರಿಕೆಯಾಗಿಸಿ, ಅಮೆಜಾನ್ ಕಾಡು ಮತ್ತು ಓಝೋನ್ ಪದರದ ಟಿಪ್ಪಣಿ ಬರೆಸಿ, ವನಮಹೋತ್ಸವದಲ್ಲಿ ಸಸಿ ನೆಡಿಸಿ ಕೈತೊಳೆದುಕೊಂಡೆವು. ಅರಣ್ಯ ಅತ್ಯಂತ ಕಡಿಮೆ ಇರುವ ಈ ಜಿಲ್ಲೆಯಲ್ಲಿ ಸಸಿ ನೆಡುವುದು ಬಹಳ ದೊಡ್ಡ ಕೆಲಸ, ಅದರ ಬಗ್ಗೆ ನನಗೆ ಗೌರವವಿದೆ. ಅಷ್ಟಕ್ಕೇ ನಿಂತರೆ ಮಾತ್ರ ಸಾಲದು.

ನಮ್ಮ ಜಿಲ್ಲೆಯ ಕೂಡಗಿಯನ್ನೇ ನೋಡಿ. ಅಲ್ಲಿ ತಲಾ 800 ಮೆಗಾವಾಟ್‌ನ ಮೂರು ಘಟಕಗಳು, ಒಟ್ಟು 2,400 ಮೆಗಾವಾಟ್ ಸಾಮರ್ಥ್ಯದ ಕಲ್ಲಿದ್ದಲು ಸ್ಥಾವರ. ಅದಕ್ಕೆ ಬೇಕಾದ ನೀರು ಆಲಮಟ್ಟಿ ಜಲಾಶಯದ್ದು. ಸ್ಥಾವರ ಬೇಡವೆಂದು 2014ರಲ್ಲಿ ಅಲ್ಲಿನ ರೈತರು ಹೋರಾಡಿದ್ದರು, ಗೋಲಿಬಾರೂ ಆಗಿತ್ತು. ಏಳು ವರ್ಷಗಳ ನಂತರ, 2021ರ ನವೆಂಬರ್‌ನಲ್ಲಿ ಗ್ಲಾಸ್ಗೋ ಹವಾಮಾನ ಸಮ್ಮೇಳನದ ಕೊನೆಯ ಗಂಟೆಗಳಲ್ಲಿ ಭಾರತ ಒಂದು ಪದಕ್ಕಾಗಿ ಪಟ್ಟು ಹಿಡಿಯಿತು: ಕಲ್ಲಿದ್ದಲನ್ನು ಹಂತಹಂತವಾಗಿ ‘ನಿಲ್ಲಿಸುವುದು’ ಎಂಬುದರ ಬದಲು ಹಂತಹಂತವಾಗಿ ‘ತಗ್ಗಿಸುವುದು’ ಎಂದಾಗಬೇಕು ಎಂದು. ಅದೇ ಉಳಿಯಿತು. ಬಡ ದೇಶಗಳು ಬೆಳೆಯಬೇಕಾದರೆ ವಿದ್ಯುತ್ ಬೇಕು, ಇನ್ನೂರು ವರ್ಷ ಕಲ್ಲಿದ್ದಲು ಸುಟ್ಟು ಬೆಳೆದವರು ನಮಗೆ ಬುದ್ಧಿ ಹೇಳಬಾರದು ಎಂಬ ವಾದದಲ್ಲಿ ನಿಜಾಂಶವಿದೆ. ಆ ಒಂದು ಪದದ ಬೆಲೆಯನ್ನು ಭೂಮಿ ಕೊಟ್ಟು ತೆತ್ತವರು ನಮ್ಮ ಜಿಲ್ಲೆಯಲ್ಲೇ ಇದ್ದಾರೆ ಎಂಬುದೂ ಅಷ್ಟೇ ನಿಜ. ತಂತಿಯಲ್ಲಿ ಬರುವ ಕರೆಂಟಿಗೆ ಊರಿನ ಹೆಸರಿರುವುದಿಲ್ಲ. ಹಾಸ್ಟೆಲ್ ಕೋಣೆಯ ಫ್ಯಾನ್ ತಿರುಗುವುದರಲ್ಲಿ ಕೂಡಗಿಯ ಪಾಲೂ ಇರಬಹುದು. ಈ ಗಂಟನ್ನು ಬಿಡಿಸಲು ನನ್ನಿಂದಲೂ ಆಗಿಲ್ಲ. ಬಸವನ ಬಾಗೇವಾಡಿ ಕಡೆಯ ವಿದ್ಯಾರ್ಥಿಯ ಕೈಗೆ ಅದನ್ನು ಕೊಟ್ಟಾಗ ಅವನು ತಲೆ ಕೆಡಿಸಿಕೊಂಡು ಓದುತ್ತಾನೆ, ಓಝೋನ್ ಟಿಪ್ಪಣಿಗೆ ಹಾಗೆ ಓದುವುದಿಲ್ಲ ಎಂಬುದನ್ನಂತೂ ಕಣ್ಣಾರೆ ಕಂಡಿದ್ದೇನೆ.

ಇನ್ನು ಮನಸ್ಸಿನ ವಿಷಯ. 2021ರಲ್ಲಿ ಭಾರತವೂ ಸೇರಿದಂತೆ ಹತ್ತು ದೇಶಗಳ, 16ರಿಂದ 25 ವರ್ಷದೊಳಗಿನ 10 ಸಾವಿರ ಯುವಜನರ ಸಮೀಕ್ಷೆಯೊಂದು ಪ್ರಕಟವಾಯಿತು. ಹವಾಮಾನ ಬದಲಾವಣೆಯ ಬಗ್ಗೆ ತಮಗೆ ತೀವ್ರ ಅಥವಾ ಅತಿ ತೀವ್ರ ಆತಂಕವಿದೆ ಎಂದವರು ಶೇ 59. ಆ ಆತಂಕ ತಮ್ಮ ದಿನನಿತ್ಯದ ಬದುಕನ್ನೇ ಬಾಧಿಸುತ್ತಿದೆ ಎಂದವರು ಶೇ 45ಕ್ಕೂ ಹೆಚ್ಚು. ನಮ್ಮ ಮಕ್ಕಳು ಇದನ್ನು ಹವಾಮಾನದ ಆತಂಕ ಎಂದು ಕರೆಯುವುದಿಲ್ಲ. "ಊರಿಂದ ಫೋನ್ ಬಂದಿತ್ತು" ಎನ್ನುತ್ತಾರೆ, ಅಷ್ಟೇ. ಬೋರ್ ಬತ್ತಿದೆ, ಸೊಸೈಟಿಯವರು ಬಂದು ಹೋದರು, ಈ ಸಲ ದುಡ್ಡು ಕಳಿಸಲಾಗುವುದಿಲ್ಲ, ಓದು ಸಾಕು, ನೋಡಲು ಬರುವವರಿದ್ದಾರೆ. ಆ ಫೋನ್ ಮುಗಿದ ಮೇಲೆ ರಾತ್ರಿ ಎರಡರವರೆಗೆ ಮೊಬೈಲ್‌ನಲ್ಲಿ ಯುದ್ಧದ ತುಣುಕುಗಳನ್ನು ನೋಡುತ್ತಾ ಮಲಗಿರುತ್ತಾರೆ. 2022ರ ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಉಕ್ರೇನ್‌ನ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದ ಸುದ್ದಿ ಬಂದಾಗ ನನ್ನ ತರಗತಿಯಲ್ಲಿ ಯಾರೂ ಮಾತನಾಡಲಿಲ್ಲ. ಆಹಾರ ತರಲು ಹೊರಗೆ ಹೋಗಿದ್ದ ಆ ಹುಡುಗ ನಮ್ಮ ಕಡೆಯ ಎಷ್ಟೋ ಮನೆಗಳ ಮಕ್ಕಳಂತೆ ಇಲ್ಲಿ ಸೀಟಿನ ಖರ್ಚು ಭರಿಸಲಾಗದೆ ಅಲ್ಲಿಗೆ ಹೋಗಿದ್ದವನು. ಅಂದು ನಾನು ಪಠ್ಯ ಮುಂದುವರಿಸಿದೆ. ಆ ಮಕ್ಕಳೊಡನೆ ಕುಳಿತು ಮಾತನಾಡಬೇಕಿತ್ತು. ಆ ದಿನ ನನ್ನನ್ನು ಇಂದಿಗೂ ಕಾಡುತ್ತದೆ.

2022ರ ಒಂದೇ ವರ್ಷದಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ತೀರಿಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಹೇಳುತ್ತದೆ. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯಲ್ಲೂ ತರಬೇತಿ ಪಡೆದ ಆಪ್ತ ಸಮಾಲೋಚಕರು ಒಬ್ಬರಾದರೂ ಇರಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ನಿರ್ದೇಶನ ನೀಡಿತು. ಕಾಗದದ ಮೇಲೆ ಇದು ದೊಡ್ಡ ಹೆಜ್ಜೆ. ನಾನು ನೋಡಿರುವ ಕಾಲೇಜುಗಳಲ್ಲಿ ಈ ಹೊಣೆಯನ್ನು ಕ್ರೀಡೆ, ರೆಡ್ ಕ್ರಾಸ್, ಪರೀಕ್ಷಾ ವಿಭಾಗಗಳ ಭಾರದಿಂದ ಆಗಲೇ ಬಾಗಿರುವ ಯಾರಾದರೊಬ್ಬ ಅಧ್ಯಾಪಕರ ಹೆಗಲಿಗೆ ಏರಿಸುತ್ತಾರೆ. ತರಬೇತಿ ಇಲ್ಲದ ಒಳ್ಳೆಯ ಮನಸ್ಸು ಇಲ್ಲಿ ಸಾಲದು. ಕೆಲವೊಮ್ಮೆ ಅಪಾಯವನ್ನೂ ತಂದೀತು. ಇದನ್ನು ನನ್ನ ಅನುಭವದಿಂದಲೇ ಹೇಳುತ್ತಿದ್ದೇನೆ. ಚೀಟಿ ತನ್ನಿ ಎಂದ ದಿನ ಒಬ್ಬ ಹುಡುಗ ಏನನ್ನೂ ತಂದಿರಲಿಲ್ಲ. ತರಗತಿ ಮುಗಿದ ಮೇಲೆ ಕಾರಿಡಾರಿನಲ್ಲಿ ಬಂದು, ನಮ್ಮ ಮನೆಯಲ್ಲಿರುವ ಚೀಟಿಗಳೆಲ್ಲ ಸಾಲದವು ಮೇಡಂ, ಅವನ್ನು ಎಲ್ಲರೆದುರು ಹೇಗೆ ತೋರಿಸಲಿ ಎಂದ. ಕೆಲವು ವಾರಗಳಿಂದ ಸರಿಯಾಗಿ ನಿದ್ದೆ ಬರುತ್ತಿಲ್ಲ ಎಂದೂ ಹೇಳಿದ. ಒಳ್ಳೆಯ ಉದ್ದೇಶದ ನನ್ನ ಪ್ರಯೋಗ ಅವನಿಗೆ ಚುಚ್ಚಿತ್ತು. ಆ ಸಂಜೆ ಅವನ ಜೊತೆ ಕುಳಿತೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿದೆವು. ಅದು ಉಚಿತ, ದಿನದ ಇಪ್ಪತ್ನಾಲ್ಕು ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಆಮೇಲೆ ಅವನನ್ನು ಜಿಲ್ಲಾಸ್ಪತ್ರೆಯ ಮನೋವೈದ್ಯರ ಬಳಿಗೂ ಕರೆದೊಯ್ದೆವು. ಈಗ ಚೀಟಿಯನ್ನು ತರಗತಿಯಲ್ಲಿ ತೋರಿಸಬೇಕೆಂಬ ಕಟ್ಟುಪಾಡು ಇಲ್ಲ. ಹೆಸರು ಮುಚ್ಚಿ ನನ್ನ ಪೆಟ್ಟಿಗೆಗೆ ಹಾಕಿದರೆ ಸಾಕು.

ತಿಳಿವಳಿಕೆಯೊಂದೇ ಈ ನೋವಿಗೆ ಮದ್ದು ಎಂದು ನಾನು ಹೇಳುತ್ತಿಲ್ಲ. ಕೆಲವೊಮ್ಮೆ ತಿಳಿದಷ್ಟೂ ಕೈಚೆಲ್ಲುವಂತಾಗುತ್ತದೆ. "ಇಷ್ಟೆಲ್ಲ ಗೊತ್ತಾದರೂ ಪೆಸಿಫಿಕ್ ಸಾಗರವನ್ನು ನಾವು ತಣ್ಣಗಾಗಿಸಲು ಆಗುತ್ತದೆಯೇ?" ಎಂದು ಒಬ್ಬಳು ಕೇಳಿದಳು. ಆಗದು. ಆದರೆ ಅಪ್ಪನ ನಷ್ಟ ಅಪ್ಪನ ದಡ್ಡತನದಿಂದಲ್ಲ ಎಂದು ತಿಳಿಯುವುದು ಸಣ್ಣ ಮಾತಲ್ಲ. ಬೆಳೆ ಕೈಕೊಟ್ಟ ಮನೆಗಳಲ್ಲಿ ಜಗಳ ಹುಟ್ಟುವುದೇ ಅಲ್ಲಿ: ಉಳ್ಳಾಗಡ್ಡಿ ಹಾಕು ಎಂದವರು ಯಾರು, ಮೊದಲೇ ಮಾರಬೇಕಿತ್ತಲ್ಲ ಎಂದು. ಇದಲ್ಲದೆ, ಕೆಲವು ಕೊಂಡಿಗಳು ಮನುಷ್ಯರು ಮಾಡಿದವು, ಅವನ್ನು ಮನುಷ್ಯರು ಬದಲಿಸಿದ್ದಾರೆ. 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಗುಲಾಬಿ ಈರುಳ್ಳಿಗೆ ಶೇ 40ರ ಸುಂಕದಿಂದ ವಿನಾಯಿತಿ ದೊರೆಯಿತು. ನಮ್ಮ ಕೆಂಪು ಉಳ್ಳಾಗಡ್ಡಿಗೆ ದೊರೆಯಲಿಲ್ಲ. ಬರ ಪರಿಹಾರಕ್ಕಾಗಿ ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿಗೆ ಹೋಗಬೇಕಾಯಿತು. ಕೇಂದ್ರದಿಂದ 3,454 ಕೋಟಿ ರೂಪಾಯಿ ಬಂದದ್ದು ಏಪ್ರಿಲ್‌ನಲ್ಲಿ. ಮೊಬೈಲ್‌ನಲ್ಲಿದ್ದ ಆ ಪರಿಹಾರದ ಸಂದೇಶದ ಹಿಂದೆ ಈ ಜಗ್ಗಾಟವಿತ್ತು ಎಂದು ತಿಳಿದಾಗ, ಒಕ್ಕೂಟ ವ್ಯವಸ್ಥೆ ಎಂಬ ರಾಜ್ಯಶಾಸ್ತ್ರದ ಪದ ಅವರಿಗೆ ಮೊದಲ ಬಾರಿಗೆ ಅರ್ಥವಾಯಿತು.

ಈಗ ತರಗತಿಯ ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿದ್ದೇವೆ. ಪ್ರತಿ ಸೋಮವಾರ ವಿದ್ಯಾರ್ಥಿಗಳು ತಮ್ಮ ಹೋಬಳಿಯಲ್ಲಿ ಬಿದ್ದ ಮಳೆಯ ಮಿಲಿಮೀಟರ್, ಉಳ್ಳಾಗಡ್ಡಿ ಮತ್ತು ತೊಗರಿಯ ಪೇಟೆ ದರ, ವಾರದಲ್ಲಿ ಹೊರಬಿದ್ದ ಆಮದು ರಫ್ತಿನ ಆದೇಶಗಳನ್ನು ಬರೆಯುತ್ತಾರೆ. ಡೋಣಿ ಬೆಳೆದರೆ ಓಣಿಗೆಲ್ಲ ಜೋಳ ಎಂಬ ಹಳೆಯ ಮಾತಿನ ನೆನಪಿಗೆ, ಡೋಣಿ ನದಿಯ ದಂಡೆಯ ಊರಿನವಳೊಬ್ಬಳು ಬಿಳಿಜೋಳಕ್ಕೂ ಒಂದು ಸಾಲು ಎಳೆದಿದ್ದಾಳೆ. ಕೆಲವು ವಾರ ಹಾಳೆ ಖಾಲಿ ಉಳಿಯುತ್ತದೆ, ಪರೀಕ್ಷೆಯ ತಿಂಗಳಲ್ಲಂತೂ ಯಾರೂ ಅದರ ಹತ್ತಿರ ಸುಳಿಯುವುದಿಲ್ಲ.

ಚಡಚಣದ ಹುಡುಗ ಹೋದ ತಿಂಗಳು ಪಟ್ಟಿ ವಾಪಸ್ ಕೇಳಲು ಬಂದ. ರಜೆಯಲ್ಲಿ ಊರಿಗೆ ಹೋದಾಗ ಡಿಸೆಂಬರ್ 8ರ ಆದೇಶದ ಸಂಗತಿಯನ್ನು ಅಪ್ಪನಿಗೆ ಹೇಳಿದನಂತೆ. ಅವರು ಬಹಳ ಹೊತ್ತು ಸುಮ್ಮನೆ ಕುಳಿತಿದ್ದು, ಆ ಪಟ್ಟಿಯ ತಾರೀಖನ್ನು ಇನ್ನೊಮ್ಮೆ ನೋಡಬೇಕು, ತೆಗೆದುಕೊಂಡು ಬಾ ಎಂದರಂತೆ. ಕೊಟ್ಟೆ. ಮಡಿಕೆ ಹರಿಯದಂತೆ ಪುಸ್ತಕದೊಳಗೆ ಇಟ್ಟುಕೊಂಡ. ಬಾಗಿಲವರೆಗೆ ಹೋದವನು ತಿರುಗಿ ನಿಂತು, "ಮೇಡಂ, ಈ ಸಲ ಉಳ್ಳಾಗಡ್ಡಿ ಹಾಕುವ ಮೊದಲು ಏನೇನು ನೋಡಬೇಕು ಎಂದು ಅಪ್ಪ ಕೇಳುತ್ತಿದ್ದಾರೆ. ಬರೆದುಕೊಡುತ್ತೀರಾ?" ಎಂದ. ಕುರ್ಚಿ ಎಳೆದು ಕೂರಿಸಿದೆ. ಗೋಡೆಯ ಹಾಳೆಯನ್ನು ನೋಡಿಕೊಂಡು ಇಬ್ಬರೂ ಬರೆಯತೊಡಗಿದೆವು.